ಪಟ್ಟಿಯಲ್ಲಿಲ್ಲದ ದೇಶ

ನಾನು ಸೇಡು ತೀರಿಸಿಕೊಂಡವಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಡಲ್ಲಸ್ ಕಡೆಯ ನಮ್ಮ ಕನ್ನಡದವರ ನಡುವೆ ಈಚೆಗೆ ಈ ಕಥೆಗೆ ಬೇರೊಂದು ರೂಪ ಬಂದಿದೆ. ಅದರಲ್ಲಿ ನಾನು ಬಸುರಿ ಹೆಣ್ಣುಮಗಳೊಬ್ಬಳ ಪರವಾಗಿ ಎದ್ದು ನಿಂತ ಧೀರೆ. ಕೇಳಲು ಹಿತವಾಗಿದೆ, ಆದರೆ ಅರ್ಧ ಸುಳ್ಳು. ಅವಳಿಗೆ ರಜೆ ಸಿಗಬೇಕೆಂದು ನನಗೆ ಇದ್ದದ್ದು ನಿಜ. ಅದಕ್ಕಿಂತ ಹೆಚ್ಚಾಗಿ, ಆ ರಜೆ ಕೊಡುವಾಗ ಒಬ್ಬ ಮನುಷ್ಯನ ಮುಖ ಹೇಗಾಗುತ್ತದೆಂದು ಹತ್ತಿರದಿಂದ ನೋಡಬೇಕೆಂದು ಇತ್ತು. ನೋಡಿದೆ ಕೂಡ.

ನಮ್ಮ ಕಂಪನಿಯ ಕೆಲಸವೇ ಒಂದು ತಮಾಷೆ. ಯುರೋಪಿನ ದೇಶಗಳಲ್ಲಿ ಕಾರ್ಖಾನೆ, ಆಸ್ಪತ್ರೆ, ಬಸ್ ಡಿಪೋ, ಹೋಟೆಲುಗಳಲ್ಲಿ ದುಡಿಯುವವರಿಗೆ ಪ್ರಶ್ನೆಗಳನ್ನು ಕಳಿಸಿ, ಅವರ ಕೆಲಸದ ಪರಿಸ್ಥಿತಿ ಹೇಗಿದೆ, ಮೈಮನಸ್ಸು ಹೇಗಿದೆ ಎಂದು ತಿಳಿದುಕೊಂಡು, ಯಾವ ದೇಶದವರು ಎಷ್ಟು ನೆಮ್ಮದಿಯಾಗಿದ್ದಾರೆಂದು ಪಟ್ಟಿ ಮಾಡಿಕೊಡುವುದು. ಹುಷಾರಿಲ್ಲದಿದ್ದರೂ ಕೆಲಸಕ್ಕೆ ಹೋದದ್ದುಂಟೆ? ಬೇಕೆನಿಸಿದಾಗ ಐದು ನಿಮಿಷ ಎದ್ದು ಓಡಾಡಬಹುದೆ? ನಿಮ್ಮ ಮೇಲಿನವರು ನಿಮ್ಮ ಮಾತನ್ನು ಕಿವಿಗೆ ಹಾಕಿಕೊಳ್ಳುತ್ತಾರೆಯೆ? ಇಂಥ ಪ್ರಶ್ನೆಗಳು. ಈ ಸಾಫ್ಟ್‌ವೇರ್ ಬರೆಯುವವರು ಮಾತ್ರ ಟೆಕ್ಸಸ್‌ನಲ್ಲಿ ಕೂತ ನಾವು ಹನ್ನೊಂದು ಜನ. ಹೆಚ್ಚಿನವರು ಡಲ್ಲಸ್ ಪಕ್ಕದ ಪ್ಲೇನೋ ಆಫೀಸಿನಲ್ಲಿ, ಕೆಲವರು ಆಸ್ಟಿನ್‌ನಲ್ಲಿ, ಒಬ್ಬಳು ಹ್ಯೂಸ್ಟನ್ ಪಕ್ಕದ ಕೇಟಿಯ ತನ್ನ ಮನೆಯಿಂದ. ನಾನು ಮೆಕಿನ್ನಿಯಿಂದ ಪ್ಲೇನೋಗೆ ದಿನಾ ಡ್ರೈವ್ ಮಾಡುತ್ತೇನೆ.

ಬಂದ ಉತ್ತರಗಳನ್ನು ಪಟ್ಟಿಗೆ ಸೇರಿಸುವ ಮೊದಲು ಓದಿ, ಕೆಟ್ಟವನ್ನು ಬೇರ್ಪಡಿಸುವುದು ನನ್ನ ಪಾಲಿನ ಕೆಲಸ. ಅಕ್ಕಿ ಆರಿಸುವ ಹಾಗೆ. ಕೊನೆಯಲ್ಲಿ 'ಇನ್ನೇನಾದರೂ ಹೇಳುವುದಿದೆಯೇ' ಎಂದು ಒಂದು ಖಾಲಿ ಚೌಕ ಇರುತ್ತದೆ. ಅದರಲ್ಲಿ ಜನ ಏನೇನು ಬರೆಯುತ್ತಾರೆ! ಫಿನ್ಲೆಂಡಿನ ಒಬ್ಬ ಬಸ್ ಡ್ರೈವರ್, ತನ್ನ ಊಟದ ಬಿಡುವಿನಲ್ಲಿ ಹತ್ತು ನಿಮಿಷ ಕಡಿತ ಮಾಡಿದರೆಂದು ಒಂದೂವರೆ ಪುಟ ಬರೆದಿದ್ದ. ನನಗೆ ನಗು ಬಂದಿತ್ತು. ಪೋರ್ಚುಗಲ್ಲಿನ ಹೋಟೆಲೊಂದರಲ್ಲಿ ಹಾಸಿಗೆ ಸರಿಮಾಡುವ ಹೆಂಗಸು ತನ್ನ ಮಂಡಿಯ ಬಗ್ಗೆ ಬರೆದದ್ದನ್ನು ಓದಿ ನಗು ಬರಲಿಲ್ಲ. ಜರ್ಮನಿಯ ಗೋದಾಮಿನಲ್ಲಿ ದುಡಿಯುವ ರೊಮೇನಿಯಾದವನೊಬ್ಬ, ಬಚ್ಚಲಿಗೆ ಹೋಗಲು ಕೈ ಎತ್ತಿ ಕೇಳಬೇಕು, ನನಗೆ ನಲವತ್ತೇಳು ವರ್ಷ ಎಂದಷ್ಟೇ ಬರೆದಿದ್ದ. ಯುರೋಪಿನಲ್ಲಿ ಎಲ್ಲರೂ ಹಾಯಾಗಿದ್ದಾರೆ ಎಂದುಕೊಂಡವರು ನನ್ನ ಕುರ್ಚಿಯಲ್ಲಿ ಒಂದು ವಾರ ಕೂರಬೇಕು. ಆದರೆ ಅವರಿಗೂ ನಮಗೂ ಒಂದು ವ್ಯತ್ಯಾಸ ಇತ್ತು. ಅವರನ್ನು ಯಾರೋ ಕೇಳುತ್ತಿದ್ದರು.

ಇನ್ನು ಆ ಮನುಷ್ಯ. ನಮ್ಮ ಮ್ಯಾನೇಜರು. ಮೈಸೂರಿನವರು, ಐವತ್ತು ದಾಟಿದವರು, ಆಸ್ಟಿನ್ ಪಕ್ಕದ ಜಾರ್ಜ್‌ಟೌನ್‌ನಲ್ಲಿ ಹೊಸ ಮನೆ, ಆಸ್ಟಿನ್ ಆಫೀಸಿನಲ್ಲಿ ಕೋಣೆ. ಅಮೆರಿಕದಲ್ಲಿ ಮೇಲಧಿಕಾರಿಯನ್ನೂ ಹೆಸರು ಹಿಡಿದು ಕರೆಯುತ್ತಾರೆ. ನಾವು ಕನ್ನಡದ ನಾಲ್ಕು ಜನ ಮಾತ್ರ ಅವರನ್ನು ಸರ್ ಎನ್ನುತ್ತಿದ್ದೆವು, ಅವರಿಗೂ ಅದು ಬೇಕಿತ್ತು. ಕನ್ನಡ ಸಂಘದ ಯುಗಾದಿ ಊಟಕ್ಕೆ ನಿಂತು ಒಬ್ಬಟ್ಟು ಬಡಿಸುವವರು. ಮಾತು ಬೆಣ್ಣೆ. ಬೇರೆಯವರಿಗೆ ಕೆಲಸ ಹಂಚಿ ಉಳಿದದ್ದನ್ನೆಲ್ಲ "ನಮ್ಮೋರು ಇದ್ದೀರಲ್ಲ, ನಂಗೇನ್ ಯೋಚ್ನೆ" ಎನ್ನುತ್ತಾ ನಮ್ಮ ನಾಲ್ಕು ಜನರ ತಲೆಗೆ ಕಟ್ಟುವರು. ಪಂಜಾಬಿನವನೊಬ್ಬ ಶನಿವಾರ ಆಗಲ್ಲ ಎಂದರೆ ಆಗಲ್ಲ. ನಾವು ಹಾಗೆಂದರೆ ಸರ್‌ಗೆ ಬೇಜಾರು, ಅವರ ಹೆಂಡತಿಗೆ ಬೇಜಾರು, ಸಂಘದಲ್ಲಿ ಮುಖ ನೋಡುವುದು ಕಷ್ಟ. ಆ ಬೇಜಾರಿಗೆ ಹೆದರಿ ನಾವು ಕಳೆದ ಶನಿವಾರಗಳನ್ನು ಯಾರೂ ವಾಪಸ್ ಕೊಡುವುದಿಲ್ಲ.

ಎರಡು ವರ್ಷದ ಹಿಂದೆ ಒಂದು ಸೋಮವಾರ ಬೆಳಿಗ್ಗೆ ಹಲ್ಲುಜ್ಜುವಾಗ ನೀರು ಬಾಯಲ್ಲಿ ನಿಲ್ಲದೆ ಎಡಗಡೆಯಿಂದ ಸೋರಿತು. ಕನ್ನಡಿ ನೋಡಿದರೆ ಮುಖದ ಎಡ ಅರ್ಧ ಜೋತುಬಿದ್ದಿತ್ತು. ತಿಂಡಿಗೆ ಕೂತಿದ್ದ ಮಗಳು ನೋಡಿ, "ಅಮ್ಮಾ, ಯುವರ್ ಫೇಸ್ ಈಸ್ ಸ್ಟಕ್" ಎಂದು ಮೊದಲು ನಕ್ಕು ಆಮೇಲೆ ಅತ್ತಳು. ಲಕ್ವ ಹೊಡೆಯಿತೆಂದೇ ಆಸ್ಪತ್ರೆಗೆ ಓಡಿದೆವು. ಅಷ್ಟು ದೊಡ್ಡದಲ್ಲ, ಮುಖದ ನರ ಊದಿಕೊಂಡು ಹೀಗಾಗಿದೆ, ಕೆಲವು ವಾರದಲ್ಲಿ ಸರಿಹೋಗುತ್ತದೆ ಎಂದರು ಡಾಕ್ಟರು. ಆದರೆ ಎಡಗಣ್ಣು ಮುಚ್ಚುತ್ತಿರಲಿಲ್ಲ. ರೆಪ್ಪೆಗೆ ಬಲವಿಲ್ಲ. ಗಂಟೆಗೊಮ್ಮೆ ಹನಿ ಹಾಕಬೇಕು, ಮಲಗುವಾಗ ಟೇಪು ಅಂಟಿಸಬೇಕು, ಎರಡು ವಾರ ಕಂಪ್ಯೂಟರ್ ಕಡೆ ತಲೆಹಾಕಬಾರದು, ಒಣಗಿದರೆ ಕಣ್ಣಿಗೆ ಅಪಾಯ. ಈ ಕೊನೆಯ ಮಾತನ್ನು ಅವರು ಎರಡು ಸಲ ಹೇಳಿದರು.

ಸರ್‌ಗೆ ಫೋನ್ ಮಾಡಿದೆ. ಮೊದಲು ಅಯ್ಯೋ ಅಂದರು, ದೇವರೆ ಅಂದರು. ಅವರ ಚಿಕ್ಕಮ್ಮನಿಗೂ ಹೀಗೇ ಆಗಿತ್ತಂತೆ, ಪಾರಿವಾಳದ ರೆಕ್ಕೆಯ ಗಾಳಿ ಹಾಕಿದರಂತೆ. ಅದೆಲ್ಲ ಮುಗಿದ ಮೇಲೆ ಹೇಳಿದರು:

"ನೋಡಿ, ಈ ವಾರ ಕ್ಲೈಂಟ್ ಕಾಲ್‌ಗಳು ಜಾಸ್ತಿ ಇವೆ. ಮುಖ ಹೀಗಿದೆ ಅಂತ ಸಂಕೋಚ ಮಾಡ್ಕೋಬೇಡಿ. ಕ್ಯಾಮೆರಾ ಆಫ್ ಮಾಡ್ಕೊಂಡು ಕೂತ್ಕೊಂಡ್ಬಿಡಿ, ಯಾರಿಗೂ ಗೊತ್ತಾಗಲ್ಲ."

ನಾನು ಸಂಕೋಚದ ಮಾತೇ ಆಡಿರಲಿಲ್ಲ. ಕಣ್ಣಿನ ಮಾತು ಆಡಿದ್ದೆ. ಆದರೂ ಕೂತೆ. ಯಾಕೆ ಕೂತೆ ಎಂದು ಈಗ ಕೇಳಿದರೆ ನನ್ನ ಮೇಲೇ ಸಿಟ್ಟು ಬರುತ್ತದೆ. ಗ್ರೀನ್ ಕಾರ್ಡಿನ ಅರ್ಜಿ ಕಂಪನಿಯ ಕೈಯಲ್ಲಿತ್ತು, ಅದು ಒಂದು. ಇನ್ನೊಂದು, ಬುಧವಾರ ಅವರ ಹೆಂಡತಿ ಯಾರದೋ ಕೈಲಿ ನಮ್ಮ ಮನೆಗೆ ಸಾರಿನ ಪುಡಿ, ಚಟ್ನಿಪುಡಿ ಕಳಿಸಿದರು. ಪುಡಿ ಕಳಿಸಿದವರ ಮಾತನ್ನು ಮೀರುವುದು ಹೇಗೆ? ಒಂಬತ್ತು ದಿನ ಕೂತೆ, ಬಲಗೈಯಲ್ಲಿ ಟೈಪ್ ಮಾಡುತ್ತಾ, ಎಡಗೈ ಬೆರಳಿನಿಂದ ರೆಪ್ಪೆ ಮುಚ್ಚುತ್ತಾ ತೆಗೆಯುತ್ತಾ. ಹತ್ತನೆಯ ದಿನ ಕಣ್ಣಿಗೆ ಮರಳು ತುಂಬಿದ ಹಾಗೆ ನೋವು. ಪಾಪೆಯ ಮೇಲೆ ಹುಣ್ಣಾಗಿದೆ ಎಂದರು. ಮುಖ ಎರಡು ತಿಂಗಳಿಗೆ ಸರಿಹೋಯಿತು. ಹುಣ್ಣು ಮಾಸಿ ಬಿಳಿ ಕಲೆ ಉಳಿಯಿತು. ಈಗ ಆ ಕಣ್ಣಿಗೆ ಎದುರಿನ ಕಾರಿನ ದೀಪ ಒಂದಿದ್ದರೆ ಹರಡಿಕೊಂಡು ನಾಲ್ಕಾಗಿ ಕಾಣುತ್ತದೆ.

ಅಂದಿನಿಂದ ಹೆದ್ದಾರಿ ಎಪ್ಪತ್ತೈದರ ಟ್ರಾಫಿಕ್ಕಿನಲ್ಲಿ ಕಾರಿನೊಳಗೆ ಒಬ್ಬಳೇ ಕೂತು ಆ ಮನುಷ್ಯನ ಜೊತೆ ಜಗಳ ಆಡಿದ್ದೇನೆ. ಬಾಯಿಬಿಟ್ಟು, ಕೈ ಬೀಸಿ. ಪಕ್ಕದ ಕಾರಿನವರು ಫೋನಿನಲ್ಲಿ ಮಾತಾಡುತ್ತಿದ್ದಾಳೆ ಎಂದುಕೊಂಡಿರಬೇಕು. ನನ್ನ ವಾದ ದಿನದಿಂದ ದಿನಕ್ಕೆ ಹರಿತವಾಗುತ್ತಾ ಹೋಯಿತು. ಆಫೀಸಿನಲ್ಲಿ ಮಾತ್ರ ಸರ್, ಸರಿ ಸರ್.

ಗ್ರೀನ್ ಕಾರ್ಡ್ ಬಂದ ವರ್ಷವೇ ಅವಕಾಶ ಬಂತು.

ನಮ್ಮ ಕೆಲಸದಲ್ಲೊಂದು ಪದ್ಧತಿ ಇದೆ. ಪ್ರಶ್ನಾವಳಿ ಯುರೋಪಿಗೆ ಹೋಗುವ ಮೊದಲು ಟೀಮಿನವರೇ ಅದನ್ನು ತುಂಬಿ ನೋಡಬೇಕು. ಪ್ರತಿಯೊಂದು ದೇಶಕ್ಕೂ ಎರಡಕ್ಷರದ ಗುರುತು ಇರುತ್ತದೆ. ಪರೀಕ್ಷೆಗೆಂದು ನಾವು ತುಂಬಿದ್ದು 'ಜೆಡ್ ಜೆಡ್' ಎಂಬ ಇಲ್ಲದ ದೇಶದ ಲೆಕ್ಕಕ್ಕೆ ಹೋಗುತ್ತದೆ. ಕೆಲಸ ಮುಗಿದ ಮೇಲೆ ಆ ದೇಶವನ್ನು ನಾನು ಅಳಿಸಬೇಕು. ಸಾಮಾನ್ಯವಾಗಿ ಎಲ್ಲರೂ ಕಣ್ಣುಮುಚ್ಚಿ ಏನೋ ಒಂದು ಒತ್ತುತ್ತಾರೆ. ಈ ಸಲ ಹೊಸದೊಂದು ಸೌಲಭ್ಯ ಸೇರಿಸಿದ್ದೆವು. ಖಾಲಿ ಚೌಕದಲ್ಲಿ ಯಾರು ಯಾವ ಭಾಷೆಯಲ್ಲಿ ಬರೆದರೂ ಅದು ತಾನಾಗಿ ಇಂಗ್ಲಿಷಿಗೆ ತಿರುಗುತ್ತದೆ. ಅದನ್ನು ಪರೀಕ್ಷಿಸಲು, ನಿಮ್ಮ ನಿಮ್ಮ ಭಾಷೆಯಲ್ಲಿ ಸ್ವಲ್ಪ ಉದ್ದವಾಗಿ ಬರೆಯಿರಿ ಎಂದು ಎಲ್ಲರಿಗೂ ಹೇಳಿದೆ.

ಅಲ್ಲಿಗೆ ಕಟ್ಟೆ ಒಡೆಯಿತು. ಹೇಗಿದ್ದರೂ ಅಳಿಸಿಹೋಗುತ್ತದೆ, ಅದಕ್ಕೆ ಮೊದಲು ಯಾರು ಓದುತ್ತಾರೆ ಎಂಬ ಧೈರ್ಯ. ತೆಲುಗಿನವರು ತೆಲುಗಿನಲ್ಲಿ, ತಮಿಳಿನವನು ತಮಿಳಿನಲ್ಲಿ, ನಮ್ಮವರು ಕನ್ನಡದಲ್ಲಿ ಬರೆದೇ ಬರೆದರು. ಬರೆದ ಸುಖಕ್ಕೆ ಮೇಲಿನ ಪ್ರಶ್ನೆಗಳಿಗೂ ಜೀವಮಾನದಲ್ಲಿ ಮೊದಲ ಸಲ ನಿಜವಾದ ಉತ್ತರ ಒತ್ತಿದ್ದರು. ಆಸ್ಟಿನ್‌ನ ಹುಡುಗನೊಬ್ಬ ಸರ್ ಬಗ್ಗೆ ಬರೆದದ್ದನ್ನು ಇಲ್ಲಿ ಬರೆದರೆ ಓದುವವರು ಮುಖ ಕಿವುಚಬೇಕಾಗುತ್ತದೆ. ನಾನು ಮಾತ್ರ ಏನೂ ಬರೆಯಲಿಲ್ಲ. ಉತ್ತರಗಳನ್ನು ಓದುತ್ತಾ ಹೋದಾಗ ಒಂದು ಕಡೆ ನಿಂತೆ. ಅದು ಕೇಟಿಯ ಹುಡುಗಿಯದೆಂದು ಭಾಷೆಯಿಂದಲೇ ತಿಳಿಯಿತು, ಧಾರವಾಡದ ಕಡೆಯವಳು ಟೀಮಿನಲ್ಲಿ ಅವಳೊಬ್ಬಳೇ.

'ಡಾಕ್ಟರು ಮಲ್ಕೋ ಅಂತಾರ. ಸರ್ ರಿಲೀಸ್ ಆಗ್ಲಿ ಅಂತಾರ. ಹೊಟ್ಟ್ಯಾಗಿನ ಕೂಸಿಗೆ ರಿಲೀಸ್ ಡೇಟ್ ಯಾರು ಹೇಳಬೇಕು?'

ರಿಲೀಸ್ ಎಂದರೆ ನಮ್ಮ ಸಾಫ್ಟ್‌ವೇರ್ ಗಿರಾಕಿಯ ಕೈಗೆ ಹೋಗುವ ದಿನ. ಅವಳಿಗೆ ಏಳನೆಯ ತಿಂಗಳು ಎಂದು ಗೊತ್ತಿತ್ತು. ಮಲಗಲು ಹೇಳಿದ್ದಾರೆ ಎಂದು ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಆರು ವಾರದಿಂದ ಅವಳ ಕ್ಯಾಮೆರಾ ಆಫ್ ಇತ್ತು.

ಮೈಯೆಲ್ಲ ಉರಿದುಹೋಯಿತು. ಆ ಶುಕ್ರವಾರ ರಜೆ ಹಾಕಿ, ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಕೇಟಿಗೆ ಹೊರಟೆ. ಡಲ್ಲಸ್ ದಾಟಿ, ಫಾರ್ಟಿಫೈವ್ ಹೆದ್ದಾರಿ ಹಿಡಿದು, ಹ್ಯೂಸ್ಟನ್ನಿನ ಐ-ಟೆನ್ ಟ್ರಾಫಿಕ್ಕಿನಲ್ಲಿ ತೆವಳಿ ಅವಳ ಮನೆ ಮುಟ್ಟುವಾಗ ಮಧ್ಯಾಹ್ನ ಎರಡು. ಗಂಡ ಬಾಗಿಲು ತೆರೆದ. ಎಣ್ಣೆ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದವನು, ಲೇಆಫ್ ಆಗಿತ್ತು. ಈಗ ಅವನ ವೀಸಾವೂ ಅವಳ ಕೆಲಸಕ್ಕೇ ಜೋತುಬಿದ್ದಿತ್ತು. ಅವಳು ಮಂಚದ ಮೇಲೆ ನಾಲ್ಕು ದಿಂಬಿಗೆ ಒರಗಿ ಕೂತಿದ್ದಳು. ಕಾಲು ಊದಿ ಹೊಳೆಯುತ್ತಿದ್ದವು. ತೊಡೆಯ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಬಿಪಿ ನೋಡುವ ಮಶೀನು.

"ಬರ್ರಿ ಅಕ್ಕಾರ. ಏಳಾಕ ಆಗಂಗಿಲ್ರಿ, ತಪ್ಪ ತಿಳ್ಕೋಬ್ಯಾಡ್ರಿ."

"ಏಳೋದಿರಲಿ, ಮಲ್ಕೋ ಅಂದಿದಾರಲ್ವಾ? ಯಾಕೆ ಕೂತಿದೀಯ?"

"ಎಡಕ್ಕ ಹೊರಳಿ ಮಲ್ಕೋ ಅಂದಾರ್ರಿ. ಎಡಕ್ಕ ಹೊರಳಿದ್ರ ಟೈಪ್ ಮಾಡಾಕ ಬರಂಗಿಲ್ಲ."

ಇದನ್ನು ಅವಳು ಯಾವ ದೂರಿನ ದನಿಯೂ ಇಲ್ಲದೆ ಹೇಳಿದಳು. ಬಿಪಿ ಏರುತ್ತಿದೆ, ಇನ್ನೂ ಏರಿದರೆ ಮಗುವನ್ನು ಬೇಗನೆ ಹೊರತೆಗೆಯಬೇಕಾಗುತ್ತದೆ, ಇನ್ನು ಆರು ವಾರವಾದರೂ ಒಳಗೇ ಇರಲಿ ಎಂದು ಡಾಕ್ಟರು ಹೇಳಿದ್ದರು. ಅವಳು ಕಾಂಟ್ರಾಕ್ಟಿನವಳು. ಸೇರಿ ವರ್ಷ ತುಂಬಿರಲಿಲ್ಲ, ಕಾನೂನಿನ ರಜೆ ಅವಳಿಗೆ ಸಿಗುವುದಿಲ್ಲ. ಎಚ್‌ಆರ್‌ಗೆ ಹೇಳೋಣ ಎಂದೆ. ಕೈ ಮುಗಿದಳು. ಬ್ಯಾಡ್ರಿ, ಕೆಲಸ ಹೋದ್ರ ಇಬ್ಬರೂ ಊರಿಗೆ ಹೋಗಬೇಕು, ಈ ಸ್ಥಿತಿಯಾಗ ವಿಮಾನ ಹತ್ತಾಕ ಬಿಡಂಗಿಲ್ಲ ಎಂದಳು. ಆಗ ನಾನು ಬಂದ ವಿಷಯ ಬಿಚ್ಚಿದೆ. ನೀನು ಚೌಕದಲ್ಲಿ ಬರೆದದ್ದನ್ನು ಓದಿದೆ, ಮುಂದಿನ ಬುಧವಾರ ಗಿರಾಕಿಗಳಿಗೆ ಪಟ್ಟಿ ತೋರಿಸುವಾಗ ನಮ್ಮ ಜೆಡ್ ಜೆಡ್ ದೇಶವನ್ನು ಅಳಿಸದೆ ಬಿಟ್ಟರೆ ಹೇಗೆ ಎಂದು ಕೇಳಿದೆ. ಅವಳು ಹೆದರಿಬಿಟ್ಟಳು.

"ಅಳಸ್ರಿ ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ. ಸುಮ್ನ ಹೊಟ್ಟಿ ಉರಿದು ಬರದಿದ್ದೆ."

ಅಷ್ಟರಲ್ಲಿ ಅವಳಿಗೆ ಫೋನು ಬಂತು. ಸರ್. ಕೈ ಸೋತಿದ್ದರಿಂದ ಅವಳು ಯಾವಾಗಲೂ ಸ್ಪೀಕರಿನಲ್ಲೇ ಮಾತಾಡುತ್ತಿದ್ದಳು.

"ಹೇಗಿದೀಯಮ್ಮಾ? ಊಟ ಆಯ್ತಾ? ನೋಡು ತಾಯಿ, ಇನ್ನು ಹತ್ತೇ ದಿನ. ಮಲ್ಕೊಂಡೇ ಮಾಡು, ಯಾರು ಬೇಡ ಅಂದ್ರು? ಲ್ಯಾಪ್‌ಟಾಪ್ ತಾನೆ, ಹಾರೆ ಗುದ್ದಲಿ ಏನಲ್ವಲ್ಲ. ನಮ್ಮಮ್ಮ ನನ್ನ ಹೆರೋ ದಿನಾನೂ ಬಾವೀಲಿ ನೀರು ಸೇದಿದ್ರು."

ಅವಳು ಹೂಂ ಅಂದಳು, ಹೌದ್ರಿ ಸರ್ ಅಂದಳು. ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಬಿಪಿ ಮಶೀನಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು.

"ಅಳಸಬ್ಯಾಡ್ರಿ."

ಬುಧವಾರ ಆಸ್ಟಿನ್‌ನಲ್ಲಿ ಸಭೆ. ಐ-ಥರ್ಟಿಫೈವ್ ಹೆದ್ದಾರಿಯಲ್ಲಿ ವೇಕೋ ಹತ್ತಿರ ಎಂದಿನಂತೆ ರಸ್ತೆ ಅಗೆದಿದ್ದರು, ಆದರೂ ಸಮಯಕ್ಕೆ ಮೊದಲೇ ಮುಟ್ಟಿದೆ. ಅಂದು ಇಸ್ತ್ರಿ ಮಾಡಿದ ಕುರ್ತಾ ಹಾಕಿಕೊಂಡು, ಲಿಪ್‌ಸ್ಟಿಕ್ ಬೇರೆ ಹಚ್ಚಿಕೊಂಡು ಹೋಗಿದ್ದೆ. ಗಿರಾಕಿಗಳ ಪರವಾಗಿ ನೆದರ್‌ಲೆಂಡ್ಸ್‌ನಿಂದ ಒಬ್ಬ ಹೆಂಗಸು ಬಂದಿದ್ದಳು. ಎತ್ತರದ, ಬೂದುಗೂದಲಿನ, ಕಡಿಮೆ ಮಾತಿನವಳು. ಪ್ರತಿ ಮಾತನ್ನೂ ಸಣ್ಣ ಪುಸ್ತಕದಲ್ಲಿ ಬರೆದುಕೊಳ್ಳುವಳು. ನಮ್ಮ ಕಂಪನಿಯ ಕಡೆಯಿಂದ ದೊಡ್ಡವರಿಬ್ಬರು. ಸರ್ ನಿಂತು ಮಾತಾಡುವುದು, ನಾನು ಕೂತು ಪರದೆ ನಡೆಸುವುದು.

ಸರ್ ಚೆನ್ನಾಗಿಯೇ ಮಾತಾಡಿದರು. ಕೆಲಸಗಾರರ ಆರೋಗ್ಯವೇ ಕಂಪನಿಯ ಆರೋಗ್ಯ, ದಣಿದವನ ಮಾತಿಗೆ ಕಿವಿಕೊಡುವುದೇ ನಾಯಕತ್ವ, ಇತ್ಯಾದಿ. ಅವರ ಬೆನ್ನು ಪರದೆಯ ಕಡೆಗಿತ್ತು. ನಾನು ದೇಶಗಳ ಪಟ್ಟಿ ತೆರೆದೆ. ಮೇಲಿನಿಂದ ಕೆಳಕ್ಕೆ ದೇಶಗಳು, ಪ್ರತಿಯೊಂದರ ಮುಂದೆ ಒಂದು ಪಟ್ಟೆ, ನೆಮ್ಮದಿ ಹೆಚ್ಚಿದ್ದರೆ ಪಟ್ಟೆ ಉದ್ದ. ಎಲ್ಲಕ್ಕಿಂತ ಕೆಳಗೆ, ಬೆರಳಿನ ಉಗುರಿನಷ್ಟು ಗಿಡ್ಡ ಪಟ್ಟೆಯೊಂದಿಗೆ ಜೆಡ್ ಜೆಡ್.

ಆ ಹೆಂಗಸು ಕನ್ನಡಕ ಸರಿಮಾಡಿಕೊಂಡು, ಕೊನೆಯದು ಯಾವ ದೇಶ ಎಂದು ಕೇಳಿದಳು. ಸರ್ ತಿರುಗಿ ನೋಡಿದರು.  ಅದು ಟೆಸ್ಟ್ ಡೇಟಾ, ಅಳಿಸಲು ಮರೆತಿದ್ದಾರೆ, ಗಮನಿಸಬೇಡಿ ಎಂದು ನಕ್ಕರು. ನನ್ನ ಕಡೆ ತಿರುಗಿ ಕನ್ನಡದಲ್ಲಿ, "ತೆಗೀರಿ ಅದನ್ನ, ಬೇಗ" ಎಂದರು.

ನಾನು ಇಂಗ್ಲಿಷಿನಲ್ಲಿ ಹೇಳಿದೆ: "ಮರೆತಿಲ್ಲ. ಇದು ನಾವೇ. ಟೆಕ್ಸಸ್‌ನ ಹನ್ನೊಂದು ಜನ. ಪ್ರಶ್ನೆಗಳು ಸರಿಯಾಗಿ ಕೆಲಸ ಮಾಡುತ್ತವೆಯೇ ಎಂದು ನೋಡಲು ನಿಜವಾದ ಉತ್ತರ ಕೊಟ್ಟಿದ್ದೇವೆ." ಹಾಗೆಂದು ಆ ಗಿಡ್ಡ ಪಟ್ಟೆಯ ಮೇಲೆ ಒತ್ತಿದೆ.

ಪಟ್ಟೆ ತೆರೆದುಕೊಂಡು ಮಾತುಗಳು ಒಂದರ ಕೆಳಗೊಂದು ಬಂದವು, ಎಡಕ್ಕೆ ಬರೆದವರ ಭಾಷೆ, ಬಲಕ್ಕೆ ಇಂಗ್ಲಿಷ್. ಬೇರೆಯವರ ಗುರುತು ಸಿಗುವಂಥ ಸಾಲುಗಳನ್ನು ನಾನು ಮೊದಲೇ ತೆಗೆದಿದ್ದೆ. ಕೇಟಿಯವಳದು ಮಾತ್ರ ಇಡಿಯಾಗಿ ಉಳಿದಿತ್ತು. ಡಚ್ ಹೆಂಗಸು ಅದನ್ನು ಗಟ್ಟಿಯಾಗಿ ಓದಿದಳು. ಓದಿ ಮುಗಿಸಿ ಪುಸ್ತಕದಲ್ಲಿ ಬರೆದುಕೊಂಡಳು.  ನಾನು ಸರ್ ಮುಖ ನೋಡುತ್ತಿದ್ದೆ, ಕಲೆಯಿರುವ ಕಣ್ಣಿನಿಂದಲೂ ಕಲೆಯಿಲ್ಲದ ಕಣ್ಣಿನಿಂದಲೂ. ಕಿವಿ ಮೊದಲು ಕೆಂಪಾಯಿತು. ಆಮೇಲೆ ಕುತ್ತಿಗೆ. ನನ್ನ ಹೊಟ್ಟೆ ಎಷ್ಟು ತಣ್ಣಗಾಯಿತೆಂದರೆ ಹೇಳಲು ನಾಚಿಕೆಯಾಗಬೇಕು, ಆಗುವುದಿಲ್ಲ.

ಇದನ್ನು ಬರೆದವಳು ಇವತ್ತು ಕೆಲಸ ಮಾಡುತ್ತಿದ್ದಾಳೆಯೇ ಎಂದು ಡಚ್ ಹೆಂಗಸು ಕೇಳಿದಳು.  ಈಗಲೂ ಆನ್‌ಲೈನ್ ಇದ್ದಾಳೆ ಎಂದೆ. ರಜೆಯ ವಿಷಯದಲ್ಲಿ ನಮಗೆ ಕೆಲಸ ಮಾಡಿಕೊಡುವವರಿಗೂ ನಮ್ಮದೇ ನಿಯಮ ಎಂದು ಒಪ್ಪಂದದಲ್ಲಿದೆ ಎಂದಳು ಅವಳು, ದನಿ ಎತ್ತದೆ. ಹಾಗೆಂದು ಸರ್ ಕಡೆ ನೋಡಿದಳು: ದಯವಿಟ್ಟು ಫೋನ್ ಮಾಡಿ ಅವಳಿಗೆ ರಜೆಯೆಂದು ತಿಳಿಸಿ, ನಾವು ಕಾಯುತ್ತೇವೆ.

ಸರ್ ಫೋನ್ ತೆಗೆದರು. ಸ್ಪೀಕರ್ ಎಂದಳು ಅವಳು. ಎರಡು ಸಲ ರಿಂಗ್ ಆಗುವಷ್ಟರಲ್ಲಿ ಕೇಟಿಯವಳು ಎತ್ತಿದಳು. ಆ ಕಡೆಯಿಂದ ಬಂದ ಮೊದಲ ಮಾತು ಹಲೋ ಅಲ್ಲ.

"ಸರ್, ಸಾಫ್ಟ್‌ವೇರ್ ಬಿಲ್ಡ್ ಇನ್ನ ಹತ್ತ ನಿಮಿಷದಾಗ ಮುಗೀತೈತ್ರಿ. ಒಂಚೂರು ತಡಾ ಆತು, ವಾಂತಿ ಆಗಿತ್ರಿ."

ಡಚ್ ಹೆಂಗಸು ನನ್ನ ಕಡೆ ತಿರುಗಿ, ಏನೆಂದಳು ಎಂದು ಕೇಳಿದಳು. ನಾನು ಒಂದಕ್ಷರ ಬಿಡದೆ ಅನುವಾದ ಮಾಡಿದೆ. ಆಮೇಲೆ ಸರ್ ಇಂಗ್ಲಿಷಿನಲ್ಲಿ, ಇವತ್ತಿನಿಂದ ಹೆರಿಗೆಯಾಗುವವರೆಗೂ, ಆದ ಮೇಲೂ, ಸಂಬಳದ ಸಮೇತ ರಜೆ, ಲ್ಯಾಪ್‌ಟಾಪ್ ಮುಚ್ಚು ಎಂದರು.  ಅವಳಿಗೆ ನಂಬಿಕೆ ಬರಲಿಲ್ಲ. "ಕೆಲಸದಿಂದ ತೆಗದ್ರೇನ್ರಿ ಸರ್?" ಎಂದಳು. ಇಲ್ಲ ಎಂದು ಅವರು ಮೂರು ಸಲ ಹೇಳಬೇಕಾಯಿತು, ಒಂದೊಂದು ಸಲಕ್ಕೂ ದನಿ ಸಣ್ಣದಾಗುತ್ತಾ.

ಮಗು ಐದು ವಾರ ಕಳೆದ ಮೇಲೆ ಹುಟ್ಟಿತು. ಹೆಣ್ಣು, ಸಣ್ಣ ಮಗು, ಆದರೆ ತಾನೇ ಉಸಿರಾಡಿತು, ತಾನೇ ಹಾಲು ಕುಡಿಯಿತು. ಎರಡನೆಯ ವಾರ ಮನೆಗೆ ಬಂತು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಆ ಮನುಷ್ಯನನ್ನು ತೆಗೆದುಹಾಕುತ್ತಾರೆಂದು ನಾನು ದಿನ ಎಣಿಸುತ್ತಿದ್ದೆ. ಅವರ ಕೋಣೆಯಿಂದ ಗಣಪತಿಯ ವಿಗ್ರಹ, ಸಂಘದವರು ಕೊಟ್ಟ ಫಲಕ ಎಲ್ಲ ರಟ್ಟಿನ ಡಬ್ಬಿಗೆ ಹೋಗುವುದನ್ನು ಮನಸ್ಸಿನಲ್ಲಿ ಎಷ್ಟು ಸಲ ನೋಡಿದ್ದೆನೋ. ಆದರೆ ಡಚ್ ಹೆಂಗಸು ಬೇರೆ ದಾರಿ ಹಿಡಿದಳು. ಒಬ್ಬರನ್ನು ತೆಗೆದರೆ ಅಂಥವರೇ ಇನ್ನೊಬ್ಬರು ಬಂದು ಕೂರುತ್ತಾರೆ, ಇವರೇ ಕಲಿಯಲಿ ಎಂದಳಂತೆ. ನಮ್ಮ ಕಂಪನಿ ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡಿತು. ಮುಂದಿನ ತಿಂಗಳು ಎಲ್ಲರಿಗೂ ಇಮೇಲ್ ಬಂತು: ಟೆಕ್ಸಸ್‌ನ ನೌಕರರ ಆರೋಗ್ಯ ಮತ್ತು ನೆಮ್ಮದಿಯ ಹೊಣೆ ಇನ್ನು ಮುಂದೆ ಇವರದು ಎಂದು, ನಗುತ್ತಿರುವ ಅವರ ಫೋಟೋ ಸಮೇತ. ಕಾರಿನಲ್ಲಿ ಕೂತು ಸ್ಟಿಯರಿಂಗ್ ಗುದ್ದಿದೆ. ಕೈ ನೋವಾಯಿತು.

ಅದರ ಜೊತೆ ಒಂದು ಕ್ರಮ ಬಂತು. ತಿಂಗಳಿಗೊಮ್ಮೆ ಒಬ್ಬೊಬ್ಬ ನೌಕರರ ಎದುರು ಅವರು ಅರ್ಧ ಗಂಟೆ ಕೂರಬೇಕು. ಆ ಅರ್ಧ ಗಂಟೆಯಲ್ಲಿ ಅವರು ಅಡ್ಡ ಮಾತಾಡಬಾರದು, ಸಮಾಧಾನ ಹೇಳಬಾರದು, ಎದ್ದು ಹೋಗಬಾರದು. ಕೇಳಬೇಕು, ಕೇಳಿದ್ದನ್ನು ನಮೂನೆಯಲ್ಲಿ ಬರೆಯಬೇಕು, ಬರೆದದ್ದನ್ನು ಓದಿ ತೋರಿಸಿ ಸಹಿ ಹಾಕಿಸಿಕೊಳ್ಳಬೇಕು. ಆ ನಮೂನೆ ಆಮ್‌ಸ್ಟರ್‌ಡ್ಯಾಮಿಗೆ, ಗಿರಾಕಿಗಳ ಕೈಗೆ ಹೋಗುತ್ತದೆ. ಇದನ್ನು ಓದಿದಾಗ ನನ್ನ ಸಿಟ್ಟು ಸ್ವಲ್ಪ ಇಳಿಯಿತು. ಕ್ರಮಪತ್ರವನ್ನು ಇನ್ನೊಂದು ಸಲ ಓದಿದೆ. ಅಡ್ಡ ಮಾತಾಡಬಾರದು ಎಂಬುದನ್ನು ಮೂರನೆಯ ಸಲವೂ ಓದಿದೆ. ಮೊದಲ ದಿನವೇ, ಮೊದಲ ಹೊತ್ತಿಗೇ ನನ್ನ ಹೆಸರು ಹಾಕಿದೆ.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ, ಪ್ಲೇನೋ ಆಫೀಸಿನ ಸಣ್ಣ ಕೋಣೆ. ಅವರು ಜಾರ್ಜ್‌ಟೌನಿನಿಂದ ಹಿಂದಿನ ಸಂಜೆಯೇ ಬಂದಿದ್ದರು. ಮೇಜಿನ ಮೇಲೆ ನಮೂನೆ, ಎರಡು ಪೆನ್ನು, ನೀರಿನ ಬಾಟಲಿ. ಬನ್ನಿ ಬನ್ನಿ, ಕೂತ್ಕೊಳ್ಳಿ ಎಂದರು. ಆಸ್ಟಿನ್ನಿನ ಸಭೆಯ ವಿಷಯ ಇಬ್ಬರೂ ಎತ್ತಲಿಲ್ಲ. ಮುಖದಲ್ಲಿ ಹಳೆಯ ಬೆಣ್ಣೆ ಇರಲಿಲ್ಲ, ದ್ವೇಷವೂ ಇರಲಿಲ್ಲ. ಕಲಿಯಲು ಕೂತ ದೊಡ್ಡ ವಯಸ್ಸಿನವರ ಮುಖ. ನಮೂನೆಯ ಮೊದಲ ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಿ ಕೇಳಿದರು.

"ಇಲ್ಲಿನ ಕೆಲಸದಿಂದ ನಿಮ್ಮ ಆರೋಗ್ಯಕ್ಕೆ ಯಾವತ್ತಾದ್ರೂ ತೊಂದ್ರೆ ಆಗಿದ್ಯಾ?"

"ಆಗಿದೆ ಸರ್. ನನ್ನ ಕಣ್ಣು."

ಅವರು ತಲೆ ಎತ್ತಿ ನನ್ನ ಎರಡೂ ಕಣ್ಣು ನೋಡಿದರು, ಒಂದಾದ ಮೇಲೆ ಒಂದು.

"ಕಣ್ಣಾ? ಏನಾಯ್ತು? ಯಾವ ಕಣ್ಣು?"

ನಾಟಕ ಇರಬಹುದೆಂದು ಹುಡುಕಿದೆ. ಇರಲಿಲ್ಲ. ನಿಜವಾಗಿಯೂ ಗೊತ್ತಿರಲಿಲ್ಲ. ಮುಖ ಜೋತುಬಿದ್ದದ್ದು, ಆ ಫೋನು, ಒಂಬತ್ತು ದಿನ, ಪುಡಿಯ ಡಬ್ಬಿ, ಯಾವುದೂ ಆ ತಲೆಯಲ್ಲಿ ಒಂದು ಗೆರೆಯನ್ನೂ ಎಳೆದಿರಲಿಲ್ಲ. ಎರಡು ವರ್ಷ ನಾನು ಕಾರಿನಲ್ಲಿ ಜಗಳವಾಡಿದ್ದು ಇವರ ಜೊತೆಗಲ್ಲ, ನಾನೇ ಕಲ್ಪಿಸಿಕೊಂಡ ಇನ್ನೊಬ್ಬರ ಜೊತೆಗೆ. ಆ ಇನ್ನೊಬ್ಬರು ಮಾಡಿದ್ದನ್ನೆಲ್ಲ ನೆನಪಿಟ್ಟುಕೊಂಡಿದ್ದರು, ಒಳಗೊಳಗೇ ಬೇಯುತ್ತಿದ್ದರು. ಈ ಮನುಷ್ಯ ಚೆನ್ನಾಗಿ ನಿದ್ದೆ ಮಾಡಿದ್ದರು. ಅದಕ್ಕೆ ಇದು, ಇದಕ್ಕೆ ಅದು ಎಂದು ನಾನು ಜೋಡಿಸಿಟ್ಟಿದ್ದ ಒಂದು ಮಾತೂ ಆ ಹೊತ್ತಿಗೆ ಬಾಯಿಗೆ ಬರಲಿಲ್ಲ. ಕಣ್ಣಲ್ಲಿ ನೀರು ಬಂತು, ಎರಡರಲ್ಲೂ.

"ನಂಗೆ ನೆನಪಾಗ್ತಾ ಇಲ್ಲ, ಬೇಜಾರು ಮಾಡ್ಕೋಬೇಡಿ" ಎಂದು ಅವರು ಬಾಯಿ ತೆರೆದರು. ಸಮಾಧಾನ ಹೇಳುವ ಹಾಗಿಲ್ಲ ಸರ್, ಕ್ರಮದಲ್ಲಿದೆ ಎಂದೆ. ಬಾಯಿ ಮುಚ್ಚಿ ಪೆನ್ನು ಹಿಡಿದರು.

"ಎಡಗಣ್ಣು. ಬರ್ಕೊಳ್ಳಿ. ಒಂದು ಸೋಮವಾರ ಬೆಳಿಗ್ಗೆ."

ಬರೆದುಕೊಂಡರು. ಗೋಡೆಯ ಗಡಿಯಾರ ನೋಡಿದೆ. ಇನ್ನೂ ಇಪ್ಪತ್ತೆಂಟು ನಿಮಿಷ ಇತ್ತು.